ಕ್ಲಚ್ ಪೆಡಲಿನ ಮೇಲೆ ನನ್ನ ಎಡಗಾಲು

ಗ್ಯಾರೇಜಿನಲ್ಲಿ ನನಗೊಂದು ಹುದ್ದೆ ಇತ್ತು ಎಂದರೆ ನಮ್ಮ ಮನೆಯವರೇ ನಗುತ್ತಾರೆ. ಜನಗಣತಿಯವರು ಬಂದಾಗಲೆಲ್ಲ ನನ್ನ ಹೆಸರಿನ ಮುಂದೆ ‘ಗೃಹಿಣಿ’ ಎಂದು ಬರೆದುಕೊಂಡು, ನೀರು ಕುಡಿದು ಹೋದರು. ಅದು ಸುಳ್ಳಲ್ಲ. ಆದರೆ ವಿಜಾಪುರದಲ್ಲಿ ನಮ್ಮವರು ಗ್ಯಾರೇಜ್ ನಡೆಸಿದಷ್ಟು ಕಾಲವೂ, ಎಣ್ಣೆಯಿಂದ ಕೆಲಸ ಮಾಡುವ ಕ್ಲಚ್ ಇದ್ದ ಯಾವ ಗಾಡಿ ಬಂದರೂ ಅದರ ಪೆಡಲ್ ಒತ್ತಿ ಹಿಡಿಯುವ ಕೆಲಸ ನನ್ನದಾಗಿತ್ತು. ಎಡ ಮೊಣಕಾಲು ಇನ್ನು ಮಡಚಲಾರೆ ಎಂದ ದಿನ ನಿವೃತ್ತಳಾದೆ. ಹಾರ, ಶಾಲು ಯಾರೂ ಹಾಕಲಿಲ್ಲ. ನಮ್ಮವರು ಒಂದು ಮುಲಾಮಿನ ಡಬ್ಬಿ ತಂದುಕೊಟ್ಟರು, ಅಷ್ಟೆ.

ಈಗ ಐಟಿಐ ಕಲಿತ ಹುಡುಗಿಯರು ಗ್ಯಾರೇಜಿಗೆ ಬರುತ್ತಾರೆ. ಒಂದು ಬಾಟಲಿ, ಒಂದು ಸಣ್ಣ ಪಂಪು ಹಚ್ಚಿ ಕ್ಲಚ್ಚಿನ ಗಾಳಿಯನ್ನು ಒಬ್ಬರೇ ತೆಗೆದುಬಿಡುತ್ತಾರೆ. ಗಂಡನ ಹಂಗಿಲ್ಲ, ಅತ್ತೆಯ ಹಂಗಿಲ್ಲ. ಅವರಲ್ಲೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: “ಅಜ್ಜಿ, ಆವಾಗ ನಿಮಗ ಇದನ್ನ ಯಾರ ಕಲಿಸಿದ್ರು?” ಕಲಿಸಿದವರು ಯಾರೂ ಇಲ್ಲ. ಹೇಗೆ ಕಲಿತೆ ಎಂಬುದನ್ನು ಅವಳಂಥವರಿಗಾಗಿ ಬರೆದಿಡುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮ ಕಡೆಯ ಜೀಪುಗಳ ಕ್ಲಚ್ಚಿಗೆ ಕಬ್ಬಿಣದ ಸರಳಿರುತ್ತಿತ್ತು. ಪೆಡಲ್ ಒತ್ತಿದರೆ ಸರಳು ಜಗ್ಗುತ್ತಿತ್ತು, ಮುಗಿಯಿತು. ಆದರೆ ಬಾವಿಗಳ ನೀರು ಅಳೆಯುವ ಒಂದು ಸರ್ಕಾರಿ ಕಚೇರಿಗೆ ನಾಲ್ಕು ವಿಲಾಯತಿ ಗಾಡಿಗಳು ಬಂದಿದ್ದವು. ಹೊಲ, ಹಳ್ಳ, ಎರೆಮಣ್ಣು ಏನಿದ್ದರೂ ಹಾಯುವ ಗಾಡಿಗಳು. ಜನ ಅವನ್ನೂ ಜೀಪೆಂದೇ ಕರೆದರು. ಅವುಗಳಲ್ಲಿ ಸರಳಿನ ಬದಲು ಸಣ್ಣ ಪೈಪಿನ ತುಂಬ ಎಣ್ಣೆ. ಈ ತುದಿಯಲ್ಲಿ ಪೆಡಲ್ ಒತ್ತಿದರೆ ಎಣ್ಣೆ ಆ ತುದಿಯಲ್ಲಿ ಕ್ಲಚ್ಚಿನ ತೋಳನ್ನು ನೂಕಬೇಕು. ನಡುವೆ ಗಾಳಿ ಹೊಕ್ಕಿತೋ, ಪೆಡಲ್ ಹೋಳಿಗೆಯ ಕಣಕದಂತೆ ಮೆತ್ತಗಾಗುತ್ತದೆ. ಕಾಲು ಒಳಗೆ ಹೋಗುತ್ತದೆ, ಕ್ಲಚ್ ಮಾತ್ರ ಕೂತಲ್ಲೇ ಕೂತಿರುತ್ತದೆ.

ನಮ್ಮವರು ಬಸ್ಸಿನ ವರ್ಕ್‌ಶಾಪಿನ ನೌಕರಿ ಬಿಟ್ಟು, ತಿಕೋಟಾ ರಸ್ತೆಗೆ ಹೊರಳುವ ಕಡೆ ತಗಡಿನ ಗ್ಯಾರೇಜ್ ಹಾಕಿ ವರ್ಷವೂ ಆಗಿರಲಿಲ್ಲ. ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಗಿರಾಕಿಗಳು ಕಡಿಮೆ. ಸಾರವಾಡದಲ್ಲಿದ್ದ ನಮ್ಮ ಅತ್ತೆ ಗಡುವು ಕೊಟ್ಟಿದ್ದರು: “ಹಿಂಗಾರಿ ಬಿತ್ತೂದರೊಳಗ ಗ್ಯಾರೇಜ್ ನೆಟ್ಟಗ ನಡದ್ರ ಚಲೋ. ಇಲ್ಲಂದ್ರ ಬಾಗಿಲಾ ಹಾಕಿ ಇಬ್ಬರೂ ಊರಿಗೆ ಬಂದು ಹೊಲಾ ನೋಡ್ರಿ.” ನಮ್ಮವರು ಹೂಂ ಎಂದಿದ್ದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಲದಲ್ಲಿ ಜೋಳಕ್ಕೂ ಕಸಕ್ಕೂ ಇರುವ ವ್ಯತ್ಯಾಸ ತಿಳಿಯದೆ ಒಮ್ಮೆ ಜೋಳವನ್ನೇ ಕಿತ್ತು ಗುಡ್ಡೆ ಹಾಕಿದ್ದೆ. ಅದನ್ನು ಸಾರವಾಡ ಇನ್ನೂ ಮರೆತಿರಲಿಲ್ಲ.

ಹಿಂಗಾರಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಆ ಕಚೇರಿಯ ಡ್ರೈವರ್ ಮಲ್ಲಪ್ಪ ಗಾಡಿಯನ್ನು ನಮ್ಮ ಅಂಗಳಕ್ಕೆ ತಂದು, ಬಂದ ರಭಸದಲ್ಲೇ ಬೇವಿನ ಮರಕ್ಕೆ ತಾಗಿಸಿ ನಿಲ್ಲಿಸಿದ.

“ಏನ್ ಮಲ್ಲಪ್ಪ, ಗಿಡಕ್ಕ ಯಾಕ ಹಾಯಿಸೀ?” ಎಂದರು ನಮ್ಮವರು.

“ಬ್ರೇಕ್ ಒತ್ತಿದ್ರ ಇಂಜಿನ್ ಬಂದ್ ಆಕ್ಕೈತ್ರಿ, ಕ್ಲಚ್ ಅಂತೂ ಬೀಳೂದs ಇಲ್ಲ. ತಿಕೋಟಾದಾಗ ಎರಡನೇ ಗೇರಿಗೆ ಹಾಕಿದ್ದು, ಅದರಾಗs ಬಂದೀನಿ. ಸಂತ್ಯಾಗ ಬದನಿಕಾಯಿ ಬುಟ್ಟಿ ಮುಂದ ನಿಂದ್ರಾಕ ಆಗಲಿಲ್ಲ. ಮುದುಕಿ ಬೈದಾಳ ನೋಡ್ರಿ, ನಮ್ಮಪ್ಪನ ಕಾಲದಿಂದ ಹಿಡದು ಬೈದಾಳ.”

ಅವನ ಹಿಂದೆಯೇ ಬಾಡಿಗೆ ಟಾಂಗಾದಲ್ಲಿ ಇಂಜಿನಿಯರ್ ಸಾಹೇಬರು ಬಂದರು. ಮೈಸೂರು ಕಡೆಯವರು. ಬೂಟಿಗೆ ಎರೆಮಣ್ಣು ಮೆತ್ತಿದ್ದರೂ ಕಾಲರು ಮಾತ್ರ ಬೆಳ್ಳಗಿರುತ್ತಿತ್ತು.

“ನೋಡಿ ಬಸಪ್ಪನೋರೆ,” ಎಂದರು ನಮ್ಮವರಿಗೆ, “ನಾನು ಬಬಲೇಶ್ವರದ ಕ್ಯಾಂಪಿಗೆ ಹೋಗಬೇಕು. ಈ ಪೆಡಲ್ ಸರಿಯಾದರೆ ನಮ್ಮ ನಾಲ್ಕೂ ಗಾಡಿ ನಿಮ್ಮ ಹತ್ತಿರವೇ ಬರುತ್ತೆ. ಆಗದಿದ್ದರೆ ಎಲ್ಲಾನೂ ಸೋಲಾಪುರಕ್ಕೆ ಕಳಿಸ್ತೀನಿ.”

ನಾಲ್ಕು ಗಾಡಿ ಬಂದರೆ ಗ್ಯಾರೇಜ್ ಉಳಿಯುತ್ತದೆ. ಹೋದರೆ ನಾವು ಸಾರವಾಡಕ್ಕೆ. ನನ್ನ ಕಣ್ಣ ಮುಂದೆ ಕಿತ್ತ ಜೋಳದ ಗುಡ್ಡೆ ಬಂದು ನಿಂತಿತು.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಆಗ ಗಾಡಿಯ ಕೆಳಗಿದ್ದವರು ಪೈಪಿನ ತುದಿಯ ನಿಪ್ಪಲ್ ಸಡಿಲಿಸಿದರೆ ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಹೊರಗೆ ಬರುತ್ತದೆ. ಅವರು ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಬಿಗಿಯುವ ಮೊದಲೇ ಬಿಟ್ಟರೆ, ಹೋದ ಗಾಳಿ ಗುಟುಕ್ಕೆಂದು ಒಳಗೆ ಬರುತ್ತದೆ. ಮಲ್ಲಪ್ಪನನ್ನು ಕೂರಿಸಿ ನೋಡಿದರು. ಸತ್ತ ಪೆಡಲನ್ನು ತುಳಿದು ತುಳಿದು ಅವನ ಕಾಲಿಗೆ ಹೊಲಿಗೆ ಯಂತ್ರದ ಅಭ್ಯಾಸವಾಗಿಬಿಟ್ಟಿತ್ತು. ಹಿಡಿ ಎಂದರೂ ಟಪಟಪ ತುಳಿಯುತ್ತಿದ್ದ. ನಮ್ಮವರು ಕೆಳಗಿನಿಂದ ತಲೆ ಹೊರಹಾಕಿ, ಚಹಾ ತಂದಿದ್ದ ನನ್ನನ್ನು ನೋಡಿದರು.

“ನೀ ಕುಂದರ್ತೀ ಏನು?”

ಕಾನ್ವೆಂಟಿನಲ್ಲಿ ಬೆನ್ನು ನೆಟ್ಟಗೆ, ಮೊಣಕಾಲು ಜೋಡಿಸಿ ಕೂರುವುದನ್ನು ವರ್ಷಗಟ್ಟಲೆ ಕಲಿಸಿದ್ದರು. ಜೋಡಿಸಿದರೆ ಪೆಡಲ್ ಎಟಕುವುದಿಲ್ಲ ಎಂಬುದು ಹತ್ತಿದ ಮೇಲೆ ತಿಳಿಯಿತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದೆ. ಚಪ್ಪಲಿ ಬಿಟ್ಟೆ. ಪೆಡಲಿನ ರಬ್ಬರು ಮಲ್ಲಪ್ಪನ ಬೂಟಿಗೆ ಸವೆದು ಒಂದು ಮಗ್ಗುಲಿಗೆ ಓರೆಯಾಗಿತ್ತು. ನನ್ನ ಕಾಲುಂಗುರ ಅದರ ಕಬ್ಬಿಣಕ್ಕೆ ತಾಗಿ ಟಿಣ್ಣೆಂದಿತು.

“ಒತ್ತ!”

“ಒತ್ತೀನ್ರಿ.”

“ಹಿಡಿ!”

“ಹಿಡಿದೀನ್ರಿ.”

ಕೆಳಗೆ ನಟ್ಟು ತಿರುವುವ ಪಾನಾ ಜಾರುವ ಸದ್ದು. “ಥೂ ಇದರ, ಬಿಡವಲ್ದಲ್ಲ...”

ನಾನು ಬಿಟ್ಟೆ.

“ಯಾಕ ಬಿಟ್ಟಿ?”

“ನೀವs ಬಿಡ ಅಂದ್ರಲ್ರಿ.”

“ನಿಪ್ಪಲಿಗೆ ಅಂದ್ನಿ! ನಿಪ್ಪಲ್ ಬಿಡವಲ್ದು!”

ಮತ್ತೆ ಒತ್ತಿದೆ, ಹಿಡಿದೆ. ನಿಪ್ಪಲ್ ಸಡಿಲಾಗಿ ಗುಳ್ಳೆ ಬರತೊಡಗಿದವು. ಪಕ್ಕದಲ್ಲಿ ನಿಂತ ಮಲ್ಲಪ್ಪ ಸಮಾಧಾನದ ದನಿಯಲ್ಲಿ, “ಆಕ್ಕೈತಿ ಬಿಡ್ರಿ ಬಸಣ್ಣ” ಎಂದ. ನನ್ನ ಕಾಲು ಬಿಟ್ಟಿತು. ಗುಟುಕ್. ಮತ್ತೆ ಮೊದಲಿನಿಂದ. ಈ ಬಾರಿ ಇಂಜಿನಿಯರ್ ಸಾಹೇಬರೇ ಟಾಂಗಾ ಹತ್ತುತ್ತ, “ಅವಸರ ಇಲ್ಲ ಬಿಡಿ, ನಾಡಿದ್ದು ಬರ್ತೀನಿ” ಎಂದರು. ಗುಟುಕ್.

ನಮ್ಮ ಕಡೆಯವರು ‘ಬಿಡ್ರಿ’ ಇಲ್ಲದೆ ಮಾತು ಮುಗಿಸುವುದಿಲ್ಲ ಎಂಬುದು ಅಂದು ನನಗೆ ಗೊತ್ತಾಯಿತು. ಸಮಾಧಾನಕ್ಕೂ ಬಿಡ್ರಿ, ಸಿಟ್ಟಿಗೂ ಬಿಡ್ರಿ, ಹೊಗಳಿಕೆಗೂ ಬಿಡ್ರಿ. ಆಚೆ ಓಣಿಯಲ್ಲಿ ಯಾರೋ ಎಮ್ಮೆ ಬಿಡು ಎಂದದ್ದಕ್ಕೂ ನನ್ನ ಕಾಲು ಓಗೊಟ್ಟಿತು. ಕೆಳಗಿದ್ದ ನಮ್ಮವರಿಗೆ ಮುಖವೆಲ್ಲ ಎಣ್ಣೆ. ಅವರು ಬೈಯಲಿಲ್ಲ. ಬೈಯಲು ಬಾಯಿ ತೆರೆದರೆ ಎಣ್ಣೆ ಒಳಗೆ ಹೋಗುತ್ತದೆ ಎಂದು ಆಮೇಲೆ ಹೇಳಿದರು.

ಹೇಗೋ ಸಂಜೆಗೆ ಪೆಡಲ್ ಗಟ್ಟಿಯಾಯಿತು. ಬೆಳಿಗ್ಗೆ ನೋಡಿದರೆ ಮತ್ತೆ ಮೆತ್ತಗೆ. ನಮ್ಮವರು ಇಂಜಿನ್ ಚಾಲೂ ಮಾಡಿ, “ಒತ್ತಿ ಹಿಡಿ, ಕಾಲಿಗೆ ಏನ ಅನಸ್ತೈತಿ ಹೇಳು” ಎಂದರು. ಹಿಡಿದೆ. ಪೆಡಲ್ ಒಮ್ಮೆಲೇ ಬೀಳುತ್ತಿರಲಿಲ್ಲ. ಕಾಲಡಿಯ ಹಸಿ ಸಗಣಿಯ ಹಾಗೆ ಮೆಲ್ಲಗೆ, ಮೆಲ್ಲಗೆ ಕುಸಿಯುತ್ತಿತ್ತು. ಹೇಳಿದೆ. ಅವರು ತಲೆಯಾಡಿಸಿದರು. ಹುಡುಗಿಯರೇ, ಇದೊಂದನ್ನು ನೆನಪಿಡಿ: ಎರಡನೇ ತುಳಿತಕ್ಕೆ ಗಟ್ಟಿಯಾದರೆ ಅದು ಗಾಳಿ, ಹಿಡಿದಂತೆಯೇ ಇಳಿಯುತ್ತ ಹೋದರೆ ಒಳಗಿನ ರಬ್ಬರ್ ಕಪ್ ಕೆಟ್ಟು ಎಣ್ಣೆ ನುಸುಳುತ್ತಿದೆ. ಬೂಟು ಹಾಕಿದ ಕಾಲಿಗೆ ಇದು ತಿಳಿಯುವುದಿಲ್ಲ.

“ಮತ್ತೇನಾದ್ರೂ?” ಎಂದರು.

“ಹಸಿವಾಗಾಕತ್ತೈತ್ರಿ.”

“ಈಗಿನ್ನೂ ರೊಟ್ಟಿ ತಿಂದಿಯಲ್ಲ!”

“ಇಂಜಿನ್ ಚಾಲೂ ಆದಾಗಿಂದ ಭಜಿ ಕರದ ವಾಸನಿ ಬರಾಕತ್ತೈತಿ. ಯಾರೋ ಕುಸುಬಿ ಎಣ್ಣಿ ಕಾಸಾಕತ್ತಾರ.”

ನಮ್ಮವರು ಮೂಗು ಅರಳಿಸಿದರು. ಬಾನೆಟ್ ಎತ್ತಿ ಕ್ಲಚ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದರು. ಮೂಸಿದರು. ಆಮೇಲೆ ಬಹಳ ಶಾಂತವಾಗಿ ಮಲ್ಲಪ್ಪನನ್ನು ಕರೆದರು.

“ಮಲ್ಲಪ್ಪ, ಇದರಾಗ ಏನ ಹಾಕಿ?”

“ಎಣ್ಣಿರಿ.”

“ಯಾವ ಎಣ್ಣಿ?”

ಮಲ್ಲಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನಮ್ಮ ಸೀಮೆಯಲ್ಲಿ ಬರೀ ಎಣ್ಣೆ ಎಂದರೆ ಕುಸುಬೆ ಎಣ್ಣೆ. ಬೇರೆ ಎಣ್ಣೆಗಳಿಗಷ್ಟೇ ಹೆಸರು ಬೇಕು. “ಸಾಹೇಬ್ರು ಡಬ್ಬಿ ನೋಡಿ, ಎಣ್ಣೆ ಕಡಿಮೆ ಇದೆ, ಹಾಕಿಸು ಅಂದ್ರು. ತಿಕೋಟಾದಾಗ ಗಾಣದಿಂದ ತಂದು ಹಾಕೀನಿ. ಕಲಬೆರಕಿ ಅಲ್ರಿ, ನನ್ನ ಕಣ್ಣ ಮುಂದs ಹಿಂಡ್ಯಾರ. ಚಲೋ ಎಣ್ಣಿ! ಉಳದದ್ದು ಮನಿಗೆ ಒಯ್ದೀನಿ.”

ಎಲ್ಲ ಬಿಚ್ಚಿದರು. ಕುಸುಬೆ ಎಣ್ಣೆ ಬಿಸಿಗೆ ಬೆಲ್ಲದ ಪಾಕದಂತೆ ಅಂಟಾಗಿ ಸಣ್ಣ ತೂತುಗಳಲ್ಲಿ ಕೂತಿತ್ತು. ರಬ್ಬರ್ ಕಪ್ ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ನಮ್ಮವರು ಪೈಪನ್ನು ಸ್ಪಿರಿಟ್ಟಿನಿಂದ ತೊಳೆದು ಊದಿದರು. ನಾನು ಬಿಡಿಭಾಗಗಳನ್ನು ಹಳೇ ಧೋತರದ ಚೂರಿನ ಮೇಲೆ, ಹಬ್ಬಕ್ಕೆ ಬೆಳ್ಳಿ ಸಾಮಾನು ಹರವಿದ ಹಾಗೆ ಸಾಲಾಗಿ ಇಟ್ಟೆ. ಮರುದಿನ ಹಳೇ ಮೋಟಾರು ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ ಕಪ್ ಸಿಕ್ಕಿತು. ಜೋಡಿಸಿ, ಸರಿಯಾದ ಎಣ್ಣೆ ತುಂಬಿದ್ದಾಯಿತು. ಇನ್ನು ಗಾಳಿ ತೆಗೆಯಬೇಕು. ಸಾಹೇಬರು ಬರುವ ಹೊತ್ತು ಹತ್ತಿರವಾಗಿತ್ತು.

“ಈ ಸಲ ‘ಬಿಡ’ ಅನ್ನೂದು ಬ್ಯಾಡ,” ಎಂದರು ನಮ್ಮವರು. “ಈ ಊರಾಗ ಯಾರೂ ಆಡಲಾರದ ಒಂದ ಮಾತ ಹೇಳು. ಅದನ್ನ ಅಂದಾಗಷ್ಟs ಬಿಡು.”

ಯೋಚಿಸಿದೆ. ನಮ್ಮ ತವರಿನಲ್ಲಿ ಬೆಳಿಗ್ಗೆ ಶಿವಪೂಜೆ, ಶಾಲೆಯಲ್ಲಿ ಪ್ರಾರ್ಥನೆ. ಯಾವ ಮನೆಯ ಮಕ್ಕಳಾದರೂ ಕೈ ಜೋಡಿಸಿ ಅಲುಗಾಡದೆ ನಿಲ್ಲಬೇಕಿತ್ತು. ಕಡೆಗೆ ಸಿಸ್ಟರ್ “ಆಮೆನ್” ಎಂದೊಡನೆ ಇಡೀ ಸಭಾಂಗಣದ ಮೊಣಕಾಲುಗಳು ಒಟ್ಟಿಗೆ ಸಡಿಲಾಗುತ್ತಿದ್ದವು. ಆ ಮಾತು ಕೇಳುವವರೆಗೆ ನಿಲ್ಲುವುದು, ಕೇಳಿದೊಡನೆ ಬಿಡುವುದು, ಎರಡೂ ನನ್ನ ಕಾಲಿಗೆ ಗೊತ್ತಿತ್ತು.

“ಆಮೆನ್ ಅನ್ರಿ,” ಎಂದೆ.

ಅದ್ಭುತವಾಗಿ ನಡೆಯಿತು. “ಒತ್ತ! ಹಿಡಿ!” ಗುಳ್ಳೆ ಹೊರಗೆ. “ಆಮೆನ್!” “ಒತ್ತ! ಹಿಡಿ!” “ಆಮೆನ್!” ಮಲ್ಲಪ್ಪ ಬೇಕಾದಷ್ಟು ಸಲ ಬಿಡ್ರಿ ಅಂದ, ನನ್ನ ಕಾಲು ಅಲುಗಲಿಲ್ಲ. ಪೆಡಲ್ ಕಲ್ಲಿನಂತಾಯಿತು. ಗಾಡಿಯ ಕೆಳಗಿನ ದನಿಗೂ ಹುಮ್ಮಸ್ಸು ಬಂದು, ಆಮೆನ್‌ಗಳು ರಾಗವಾಗಿ ಏಳತೊಡಗಿದವು. ಅಷ್ಟರಲ್ಲಿ ಅಂಗಳದಲ್ಲಿ ಒಂದು ಗಂಟು ಧೊಪ್ಪೆಂದು ನೆಲಕ್ಕೆ ಬಿತ್ತು.

ನಮ್ಮ ಅತ್ತೆ. ಸಾರವಾಡದಿಂದ ಬಸ್ಸಿಗೆ ಬಂದಿದ್ದರು, ಬಿತ್ತಿಗೆಗೆ ನಮ್ಮನ್ನು ಕರೆಯಲು.

ಅವರು ಕಂಡದ್ದು ಇಷ್ಟು: ಸೊಸೆ ಸರ್ಕಾರಿ ಮೋಟಾರಿನಲ್ಲಿ ಡ್ರೈವರನ ಜಾಗದಲ್ಲಿ ಕೂತಿದ್ದಾಳೆ. ಮಗ ನೆಲದ ಮೇಲೆ ಅಂಗಾತ ಬಿದ್ದು ಆಮೆನ್ ಎನ್ನುತ್ತಿದ್ದಾನೆ.

“ಅಯ್ಯ ನನ ಶಿವನs! ಏನ್ ಮಾಡಿಟ್ಟಿಬೇ ನನ ಮಗನ್ನ? ಸಾಲಿ ಕಲತ ಸೊಸಿ ಬ್ಯಾಡಂದ್ರೂ ಕೇಳಲಿಲ್ಲ. ಈಗ ನೋಡಿದ್ರ ನೆಲಕ್ಕ ಬಿದ್ದ ಜಪಾ ಮಾಡಾಕತ್ತಾನ!”

“ಅತ್ತಿ, ಅದು ಕ್ಲಚ್ಚಿಗೆ ಅನ್ನೂದ್ರಿ.”

“ಕ್ಲಚ್ಚಂದ್ರ ಯಾವ ದೇವರಬೇ?”

ನಮ್ಮವರು ಕೆಳಗಿನಿಂದ, “ಯವ್ವಾ, ತಡೀಬೇ, ಇನ್ನೊಂದ ನಟ್ಟ...” ಎನ್ನುವುದರೊಳಗೆ ಅತ್ತೆ ಅವರ ಎರಡೂ ಪಾದ ಹಿಡಿದು, ನೆಲದಡಿಯ ಹಗೇವಿನಿಂದ ಜೋಳದ ಚೀಲ ಎಳೆದಂತೆ ಹೊರಕ್ಕೆ ಎಳೆದುಬಿಟ್ಟರು. ಅದೇ ಗಳಿಗೆಗೆ ಸಾಹೇಬರ ಟಾಂಗಾ ಬಂದು ನಿಂತಿತು. ಸಾಹೇಬರು ಹತ್ತಿ ಪೆಡಲ್ ಒತ್ತಿ ನೋಡಿ, “ಭೇಷ್” ಎಂದರು. “ಹೊರಡೋಣ. ನೀವಿಬ್ಬರೂ ಬನ್ನಿ, ದಾರಿಯಲ್ಲಿ ಏನಾದರೂ ಆದರೆ ಬೇಕಾಗುತ್ತೆ. ಅಮ್ಮನನ್ನೂ ಸಾರವಾಡದಲ್ಲಿ ಇಳಿಸೋಣ.”

ದಾರಿಯುದ್ದಕ್ಕೂ ಅತ್ತೆ ನನ್ನ ಕಡೆ ನೋಡಲಿಲ್ಲ. ಮುಂದೆ ಕೂತ ಸಾಹೇಬರಿಗೆ ಮಾತ್ರ ಹೇಳಿದರು: “ಮಗಾ, ಸೊಸಿ ಬಿತ್ತಾಕ ಊರಿಗೆ ಬರ್ತಾರ್ರಿ. ಈ ಗ್ಯಾರೇಜ್ ಬಂದ್ ಮಾಡಸ್ತೀನಿ.” ಸಾಹೇಬರು ಪಾಪ, ಕನ್ನಡಕ ಒರೆಸಿಕೊಂಡರು.

ಸಾರವಾಡದ ಹತ್ತಿರ, ಡೋಣಿ ಹೊಳೆಯ ದಂಡೆಯ ಒಂದು ಬಾವಿ ನೋಡಬೇಕೆಂದು ಸಾಹೇಬರು ಗಾಡಿಯನ್ನು ರಸ್ತೆ ಬಿಡಿಸಿ ಎರೆಮಣ್ಣಿಗೆ ಇಳಿಸಲು ಮಲ್ಲಪ್ಪನಿಗೆ ಹೇಳಿದರು. ಎರಡು ಹೊಲ ಸರಾಗ ದಾಟಿತು. ಮೂರನೆಯದರಲ್ಲಿ ಗಾಲಿಗಳು ರಾಡಿಯಲ್ಲಿ ಹೂತವು. ಹಿಂದಕ್ಕೆ ತರಲು ಮಲ್ಲಪ್ಪ ಕ್ಲಚ್ ಒತ್ತಿದ. ಪೆಡಲ್ ಹೋಗಿ ನೆಲಕ್ಕೆ ಅಂಟಿತು. ಗೇರು ಹಲ್ಲು ಕಡಿಯಿತು, ಇಂಜಿನ್ ನಿಂತಿತು.

ನಮ್ಮವರು ರಾಡಿಯಲ್ಲೇ ಕೆಳಗೆ ತೂರಿದರು. ಸ್ವಲ್ಪ ಹೊತ್ತಿಗೆ ದನಿ ಬಂತು: “ಪೈಪಿನ ನಟ್ಟ ಸಡ್ಲ ಆಗೈತಿ! ಕೈಲೆ ತಿರುವಿದ್ನಿ. ಪಾನಾ ಹಚ್ಚೂದರಾಗ ನಮ್ಮವ್ವ ಕಾಲ ಹಿಡದ ಜಗ್ಗಿದ್ಲು!”

ಅತ್ತೆ ಸೆರಗು ಸರಿಪಡಿಸಿಕೊಂಡರು. ಡೋಣಿಯ ಕಡೆ ನೋಡಿದರು.

ಸಾಹೇಬರ ಮುಖ ಗಂಟಿಕ್ಕಿತ್ತು. “ಇದೊಂದು ಸಲ ನೋಡ್ತೀನಿ ಬಸಪ್ಪನೋರೆ. ಆಗದಿದ್ದರೆ ಎತ್ತು ಕಟ್ಟಿ ಎಳೆಸಿ, ನಾಲ್ಕೂ ಗಾಡಿ ಸೋಲಾಪುರಕ್ಕೆ.”

ನಟ್ಟು ಬಿಗಿದಾಯಿತು. ಮಲ್ಲಪ್ಪ ಡಬ್ಬಿಗೆ ಎಣ್ಣೆ ಹಾಕಲು ನಿಂತ. ಬಾಟಲಿಯನ್ನು ನಮ್ಮವರು ಎರಡು ಸಲ ಮೂಸಿ ಕೊಟ್ಟಿದ್ದರು. ನಾನು ಸೀಟು ಹತ್ತಿದೆ. ಅಷ್ಟರಲ್ಲಿ ಸುತ್ತಲಿನ ಹೊಲಗಳಿಂದ ಸಾರವಾಡದ ಮಂದಿ ಬಂದು ಸೇರಿದರು. ಎಲ್ಲರಿಗಿಂತ ಮುಂದೆ ನಮ್ಮವರ ಕಾಕಾ. ಊರಿನಲ್ಲಿ ಅವರೆದುರು ಯಾರೂ ಏರುದನಿಯಲ್ಲಿ ಮಾತಾಡುವುದಿಲ್ಲ.

“ಏನಾತೋ ಬಸೂ? ಹೋಗ್ಲಿ ಬಿಡೋ, ಎತ್ತ ಹೂಡಿ ಜಗ್ಗೂಣು.”

“ವಿಲಾಯತಿ ಗಾಡಿ ಹಿಂಗs ಬಿಡ್ರಿ.”

“ಸೊಸಿನ್ನ ಯಾಕ ಕುಂದರ್ಸ್ಯಾರೋ? ಇಳಸಿಬಿಡ್ರಿ ಪಾಪ.”

ಬಿಡ್ರಿಗಳು ಆಲಿಕಲ್ಲಿನ ಹಾಗೆ ಬಿದ್ದವು. ನಾನು ಹಲ್ಲು ಕಚ್ಚಿ ಹಿಡಿದಿದ್ದೆ. ನಿಪ್ಪಲಿನಿಂದ ಗಾಳಿ ಬುಸ್ಸೆಂದು ಹೋದದ್ದು ಕೇಳಿಸಿತು, ಬಿಗಿದದ್ದೂ ಕೇಳಿಸಿತು. ಈಗ ನಮ್ಮವರು ಆ ಮಾತು ಹೇಳಬೇಕು. ಹೇಳಲಿಲ್ಲ. ಅವರ ತಲೆಯ ಹತ್ತಿರವೇ ಕಾಕಾನ ಚಪ್ಪಲಿಗಳು ನಿಂತಿದ್ದವು. ನನ್ನ ಕಾಲು ನಡುಗತೊಡಗಿತು. ಕಾಲುಂಗುರ ಪೆಡಲಿಗೆ ಬಡಿದು ಟಿಣಟಿಣ ಎನ್ನತೊಡಗಿತು.

ಆ ಸದ್ದಿಗೆ ಅತ್ತೆ ಒಳಗೆ ಬಗ್ಗಿ ನೋಡಿದರು. ನನ್ನ ಪಾದ, ಪೆಡಲ್, ಬಿಗಿದ ಮೀನಖಂಡ ಎಲ್ಲವನ್ನೂ ನೋಡಿದರು.

“ಇದನ್ನ ಎಟ್ಟೊತ್ತು ಹಿಡೀಬೇಕಬೇ?”

“ಅವರು ಆ ಮಾತ ಅನ್ನೂತನಕ ಅತ್ತಿ.”

ಅತ್ತೆ ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. “ಲೇ ಬಸ್ಯಾ, ಬಿಗಿಯೂದು ಆತೇನೋ?”

“ಆಗೈತಿಬೇ.”

“ಹಂಗಾರ ಅನ್ನೋ ಅದನ್ನ.”

“ಕಾಕಾ ನಿಂತಾನಬೇ.” ದನಿ ಪಿಸುಗುಟ್ಟುತ್ತಿತ್ತು.

“ಕಾಕಾ ಬಂದ ಪೆಡಲ್ ಒತ್ತತಾನೇನು? ಆಕಿ ಕಾಲ ನಡಗಾಕತ್ತೈತಿ!” ಅತ್ತೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೊಲದ ಆ ಬದುವಿನವರೆಗೂ ಕೇಳುವಂತೆ ತಾವೇ ಕೂಗಿದರು: “ಅಮೀನಾ!”

ನಾನು ಬಿಟ್ಟೆ.

“ಅಮೀನಾ ಯಾರವಾ?” ಎಂದರು ಕಾಕಾ, ಸುತ್ತ ನೋಡುತ್ತ.

“ಸುಮ್ಮ ನಿಂದರೋ ಮಾರಾಯಾ. ಒತ್ತಬೇ! ಹಿಡಿ! ಬಸ್ಯಾ, ಬಿಗದಿ? ಅಮೀನಾ!”

ಮೂರನೆಯ ಸಲಕ್ಕೆ ನಮ್ಮವರೂ ನಾಚಿಕೆ ಬಿಟ್ಟು ಕೆಳಗಿನಿಂದ ಆಮೆನ್ ಎಂದರು. ಅತ್ತೆಯದೊಂದು, ಅವರದೊಂದು. ಪೆಡಲ್ ನನ್ನ ಅಂಗಾಲಿನಡಿ ಬೆರಳಷ್ಟು ಬೆರಳಷ್ಟು ಮೇಲೆದ್ದು ಬಂತು. ಕಡೆಗೆ ಒತ್ತಿ ಹಿಡಿದೆ. ಕುಸಿಯಲಿಲ್ಲ. ಒಂದು ಎಳೆಯಷ್ಟೂ ಕುಸಿಯಲಿಲ್ಲ.

ನಮ್ಮವರು ರಾಡಿಯ ಗಣಪನಾಗಿ ಹೊರಗೆ ಬಂದರು. ಸಾಹೇಬರು ಕಿಟಕಿಯಿಂದ ಕೈ ಹಾಕಿ ಇಂಜಿನ್ ಚಾಲೂ ಮಾಡಿದರು, ಗೇರಿನ ಕೋಲನ್ನು ಮುಂದಕ್ಕೆ ನೂಕಿದರು. ಬೆಣ್ಣೆಗೆ ಚಮಚ ಹೊಕ್ಕಂತೆ ಸದ್ದಿಲ್ಲದೆ ಹೋಯಿತು. ಅವರ ಹುಬ್ಬು ಏರಿತು. ಅತ್ತೆಯ ಕಡೆ ತಿರುಗಿದರು.

“ಅಮ್ಮಾ, ಇವರನ್ನ ಬಿತ್ತೋದಕ್ಕೆ ಊರಿಗೆ ಕರ್ಕೊಂಡು ಬರ್ತೀನಿ ಅಂದ್ರಲ್ಲ. ಹಾಗಾದರೆ ನನ್ನ ನಾಲ್ಕು ಗಾಡಿ ಯಾರು ನೋಡ್ಕೋತಾರೆ?”

“ಬಿತ್ತಾಕ ಆಳ ಸಿಗ್ತಾವ್ರಿ ಸಾಹೇಬ್ರ,” ಎಂದರು ಅತ್ತೆ, ಅಂಗೈಯ ಮಣ್ಣು ಕೊಡವುತ್ತ. “ಇದನ್ನ ಒತ್ತಾಕ ಎಲ್ಲಿ ಸಿಗ್ತಾರ? ಈಕಿಗೆ ವಿಜಾಪುರದಾಗ ಕೆಲಸ ಐತಿ.”

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಚಲೋ ಆತು ಬಿಡ್ರಿ ಎಂದರು, ನಕ್ಕರು, ಮಲ್ಲಪ್ಪನಿಗೆ ಯಾರೋ ತಂಬಾಕು ಕೊಟ್ಟರು. ಇಂಜಿನ್ ನಡೆಯುತ್ತಿತ್ತು. ಗಾಡಿ ಗೇರಿನಲ್ಲಿತ್ತು, ನಾನು ಕಾಲು ಬಿಟ್ಟರೆ ಮುಂದಕ್ಕೆ ನುಗ್ಗುತ್ತಿತ್ತು. ಸರಿಯಾಗಿ ಬಾನೆಟ್ಟಿನ ಮುಂದೆ, ಅದಕ್ಕೆ ಒರಗಿಕೊಂಡು, ಕಾಕಾ ನಿಂತಿದ್ದರು. ನಾನು ಹಿಡಿದೇ ಇದ್ದೆ.